ಮಗನ ಮೊಬೈಲ್ ಶಾಲೆಗೆ ನನ್ನ ಪಿಎಲ್

2020ರ ಜೂನ್‌ನಲ್ಲಿ ಕೊರೋನಾದಿಂದಾಗಿ ಎರಡನೇ ಇಯತ್ತೆಯ ಮಗನ ಶಾಲೆ ಮೊಬೈಲಿನಲ್ಲಿ ಶುರುವಾಯಿತು. ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಯಜಮಾನರದು ಅಂಬರನಾಥದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ನಾನು ಅಂಧೇರಿಯ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುತ್ತೇನೆ. ದಸರೆಯ ಹೊತ್ತಿಗೆ ಆಫೀಸಿಗೆ ಬರಲು ಕರೆ ಬಂತು.

ಮೊದಲು ತಪ್ಪು ಮಾಡಿದೆ. ನೆಟ್ ಕೈಕೊಟ್ಟಾಗ, ಮಗ ಅತ್ತಾಗ, ಹಿಂದೆಮುಂದೆ ನೋಡದೆ ಸಿಎಲ್ (ಸಾಂದರ್ಭಿಕ ರಜೆ) ಹಾಕುತ್ತ ಹೋದೆ. ಮೂರು ದಿನ ಹೀಗೇ ಹೋದವು. ಮಗುವಿನ ಕ್ಲಾಸಿಗೆಂದು ರಜೆ ಇಲ್ಲ ಎಂದು ಎಚ್‌ಆರ್ ಹೇಳಿದರು. ಅದು ನಿಜವೂ ಹೌದು. ಕೇಂದ್ರ ಸರಕಾರದ ನೌಕರಿಯಲ್ಲಿರುವ ನಮ್ಮ ವೈನಿಗೆ ಇಡೀ ಸೇವೆಯಲ್ಲಿ 730 ದಿನ ಮಕ್ಕಳ ಪಾಲನೆಯ ರಜೆ ಉಂಟು; ಖಾಸಗಿಯವರಾದ ನಮಗೆ ಅಂಥದ್ದಿಲ್ಲ. ಈ ಅನ್ಯಾಯ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಒಂದು ರಾತ್ರಿ ಕೂತು 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ 18ನೇ ಕಲಮು ಓದಿದೆ. ಆಗ 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಅದು ಅನ್ವಯಿಸುತ್ತಿತ್ತು. ವರ್ಷಕ್ಕೆ 8 ಸಿಎಲ್. ಉಳಿದದ್ದು ವರ್ಷದ ಕೊನೆಗೆ ಹೋಗುತ್ತದೆ. 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದು ಗಳಿಕೆ ರಜೆ, ನಾವು ಪಿಎಲ್ ಅನ್ನುವುದು ಇದನ್ನೇ. 45ರವರೆಗೆ ಕೂಡಿಡಬಹುದು. 15 ದಿನ ಮುಂಚೆ ಕೇಳಿದರೂ ಕೊಡದಿದ್ದರೆ, 45 ಮೀರಿದ ರಜೆಗೆ ಹಣ ಕೇಳುವ ಹಕ್ಕಿದೆ. ನನ್ನ ಖಾತೆಯಲ್ಲಿ 43 ಇದ್ದವು. ಜನವರಿಯ ಜಮಾ ಸೇರಿದರೆ 45 ದಾಟುತ್ತಿತ್ತು.

ಆಮೇಲೆ ಮಗನ ಟೈಮ್‌ಟೇಬಲ್ ಎದುರಿಗಿಟ್ಟುಕೊಂಡೆ. ಹೊಸ ಪಾಠ ನಡೆಯುತ್ತಿದ್ದುದು ಮಂಗಳವಾರ, ಗುರುವಾರ ಬೆಳಿಗ್ಗೆ 9ರಿಂದ 10.30. ಉಳಿದ ದಿನ ಬರೀ ಅಭ್ಯಾಸ. ಅಷ್ಟನ್ನು ಪಕ್ಕದ ಮನೆಯ ಅಜ್ಜಿ ನೋಡಿಕೊಳ್ಳುತ್ತೇನೆಂದರು. ಅಕ್ಟೋಬರ್ 21ರಿಂದ ಹೆಂಗಸರಿಗೆ ಲೋಕಲ್ ರೈಲು ತೆರೆದಿತ್ತು, ಆದರೆ 11ರಿಂದ 3 ಮತ್ತು ಸಂಜೆ 7ರ ನಂತರ ಮಾತ್ರ. ಉಳಿದ ದಿನ ನಸುಕಿನ ಬಸ್ಸೇ ಗತಿ. ಆ ಎರಡು ದಿನ ಮಾತ್ರ ಕ್ಲಾಸ್ ಮುಗಿಸಿಕೊಂಡು 11ರ ಗಾಡಿ ಹಿಡಿದರೆ ಮಧ್ಯಾಹ್ನದ ಪಾಳಿಗೆ ಸರಿಹೋಗುತ್ತಿತ್ತು.

ಅರ್ಜಿಯಲ್ಲಿ ಕಷ್ಟ ತೋಡಿಕೊಳ್ಳಲಿಲ್ಲ. ನವೆಂಬರ್ ಮಧ್ಯದಿಂದ ವಾರಕ್ಕೆ ಎರಡು ಅರ್ಧ ದಿನ, 20 ವಾರ, ಒಟ್ಟು 20 ಪಿಎಲ್. ತಿಂಗಳ ಕೊನೆಯ ವಾರ ಲೆಕ್ಕ ಮುಗಿಸುವುದಿರುವುದರಿಂದ ಬೇಕಾದರೆ ದಿನ ಬದಲಿಸುತ್ತೇನೆ ಎಂದು ಬರೆದು, 15 ದಿನ ಮುಂಚೆಯೇ ಮೇಲ್ ಮಾಡಿದೆ. ಅರ್ಧ ದಿನದ ಮಾತು ಆ ಕಲಮಿನಲ್ಲಿಲ್ಲ, ಅದು ನಮ್ಮ ಆಫೀಸಿನ ನಿಯಮದಲ್ಲಿತ್ತು. ಆ ಸಾಲನ್ನೂ ಸೇರಿಸಿದೆ. ಸಾಹೇಬರು ಬಾಯಿಮಾತಿನಲ್ಲಿ ಬೇಡ ಅಂದರು. ದಯವಿಟ್ಟು ಅದನ್ನೇ ಮೇಲ್‌ನಲ್ಲಿ ತಿಳಿಸಿ ಎಂದೆ. ನಾಲ್ಕನೇ ದಿನ ಮಂಜೂರಾಗಿ ಬಂತು.

ಮೊದಲ ಮಂಗಳವಾರ ಮಗ ಕೇಳಿದ, “ಅವ್ವಾ, ಇವತ್ತ ನಿನಗ ಸೂಟಿ ಏನ?”

“ಅರ್ಧಾ ಸೂಟಿ. ಪುಸ್ತಕ ತಗಿ.”