ವೇತನ ಚೀಟಿ ಕನ್ನಡದಲ್ಲಿರಲಿ, ರಜೆಗೆ ಉತ್ತರ ಅಂದೇ ಸಿಗಲಿ

ಗಾರ್ಮೆಂಟ್ ಘಟಕಗಳಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುವ ಗೆಳೆಯರಿಗೆ ಒಂದು ಸಲಹೆ. ಹಬ್ಬಕ್ಕೆ ಸಿಹಿ ಹಂಚುವುದು ಒಳ್ಳೆಯದೇ, ಆದರೆ ಮೊದಲು ವೇತನ ಚೀಟಿಯನ್ನು ಸರಿಪಡಿಸಿ. ಮೂಲ ವೇತನ, ತುಟ್ಟಿಭತ್ಯೆ, ಇಎಸ್‌ಐ (ನೌಕರರ ಆರೋಗ್ಯ ವಿಮೆ), ಭವಿಷ್ಯ ನಿಧಿಗೆ ಕಡಿತವಾದ ಶೇ. 12, ಎಲ್ಲವೂ ಕನ್ನಡದಲ್ಲಿ ಬಿಡಿಬಿಡಿಯಾಗಿ ಇರಲಿ. ಓವರ್‌ಟೈಮ್‌ಗೆ ದುಪ್ಪಟ್ಟು ದರ ಎಂಬುದು ಕಾನೂನು. ಎಷ್ಟು ಗಂಟೆ, ಯಾವ ದರ ಎಂಬ ಲೆಕ್ಕ ಚೀಟಿಯಲ್ಲೇ ಕಾಣಬೇಕು.

ಭವಿಷ್ಯ ನಿಧಿಯ ವಿಷಯವನ್ನಂತೂ ಹಗುರವಾಗಿ ನೋಡಬೇಡಿ. 2016ರಲ್ಲಿ ಹಣ ಹಿಂಪಡೆಯುವ ನಿಯಮವನ್ನು ಬಿಗಿಗೊಳಿಸಿದಾಗ, ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ ಕಾರ್ಮಿಕರು ಬೀದಿಗಿಳಿದರು. ಕೇಂದ್ರ ಸರ್ಕಾರ ಆ ಆದೇಶವನ್ನೇ ಕೈಬಿಟ್ಟಿತು. ಮಗಳ ಮದುವೆ, ಮನೆಯ ಭೋಗ್ಯ, ಆಸ್ಪತ್ರೆಯ ಖರ್ಚು, ಎಲ್ಲಕ್ಕೂ ಅವರು ನೆಚ್ಚಿಕೊಂಡಿರುವುದು ಆ ಹಣವನ್ನೇ. ಯುಎಎನ್‌ಗೆ (ಭವಿಷ್ಯ ನಿಧಿ ಸದಸ್ಯರ ಖಾಯಂ ಸಂಖ್ಯೆ) ಜೋಡಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯ ವಿವರ ಬರುತ್ತದೆ. ಸಂಬಳದ ದಿನ ಇದನ್ನು ಒಬ್ಬೊಬ್ಬರಿಗೂ ಮಾಡಿ ತೋರಿಸಿ.

ರಜೆ ಅರ್ಜಿಗೆ ಹೌದೋ ಅಲ್ಲವೋ ಎಂಬುದನ್ನು ಅಂದೇ ಹೇಳಿಬಿಡಿ. ಕೊಡಲಾಗದಿದ್ದರೆ ಕಾರಣವನ್ನೂ ಹೇಳಿ. ಮಗುವಿಗೆ ಜ್ವರ ಬಂದಿರುವ ತಾಯಿಯನ್ನು ಮೂರು ಮೇಜುಗಳ ನಡುವೆ ಅಲೆಸುವುದು ಅನ್ಯಾಯ.

ಇನ್ನು ಮೇಲ್ವಿಚಾರಕರ ಬಾಯಿ. ಗಂಟೆಯ ಗುರಿ ತಪ್ಪಿದಾಗ ಸಾಲಿನ ನಡುವೆ ನಿಂತು ಬೈಯುವ ಅಭ್ಯಾಸವನ್ನು ನೀವೇ ನಿಲ್ಲಿಸಬೇಕು, ಇದರಲ್ಲಿ ರಾಜಿ ಬೇಡ. ಹತ್ತು ಅಥವಾ ಹೆಚ್ಚು ನೌಕರರಿರುವೆಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಕಡ್ಡಾಯ. ಸದಸ್ಯರ ಹೆಸರು, ಫೋನ್ ಸಂಖ್ಯೆಗಳನ್ನು ಊಟದ ಕೋಣೆಯ ಗೋಡೆಗೆ ದೊಡ್ಡ ಅಕ್ಷರಗಳಲ್ಲಿ ಅಂಟಿಸಿ. ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರಿದ್ದರೆ ಒಡಿಯಾ, ಹಿಂದಿಯಲ್ಲೂ ಬರೆಸಿ.