4294967297ನ್ನು ಪೆನ್ನು ಹಿಡಿದು ಒಡೆದದ್ದು

ಫೋನಿನಲ್ಲಿ ಒತ್ತಿದರೆ ಉತ್ತರ ತಕ್ಷಣ ಬರುತ್ತದೆ, ನಿಜ. ಆದರೂ ಈ ಹತ್ತಂಕಿಯ ಸಂಖ್ಯೆಯನ್ನು ಹಾಳೆಯ ಮೇಲೇ ಅಪವರ್ತನಗಳಾಗಿ ಒಡೆಯಬೇಕು ಅಂತ ನನಗೆ ಹಟ. ಮೂವತ್ತೆರಡು ಎರಡುಗಳನ್ನು ಗುಣಿಸಿ ಒಂದು ಕೂಡಿದರೆ ಬರುವುದು ಇದು. ಗುಣಿಸುವ ಎರಡುಗಳು 1, 2, 4, 8, 16, 32 ಹೀಗೆ ಇಮ್ಮಡಿಯಾಗುತ್ತಾ ಹೋಗುವ ಇದೇ ಸಾಲಿನಲ್ಲಿ ಇದಕ್ಕಿಂತ ಮೊದಲು ಬರುವ 3, 5, 17, 257, 65537 ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಅಂತ 1640ರಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಆರನೆಯದನ್ನೇ ಒಡೆದು ತೋರಿಸಿದ. ಯಂತ್ರ ಇಲ್ಲದ ಕಾಲದಲ್ಲಿ ಅವನಿಗೆ ಆಗಿದ್ದು ನಮಗೂ ಆಗಬೇಕು, ಅಲ್ವಾ?

ಸುಮ್ನೆ 2, 3, 5, 7 ಅಂತ ಹೊರಟರೆ ಭಾಜಕ ಸಿಗುವುದು 116ನೇ ಅವಿಭಾಜ್ಯಕ್ಕೆ. ಅಷ್ಟು ತಾಳ್ಮೆ ನನಗಿಲ್ಲ. ಹಾಗಾಗಿ ಭಾಗಾಕಾರಕ್ಕೆ ಮೊದಲು, ಯಾವುದನ್ನೆಲ್ಲ ಮುಟ್ಟಲೇಬೇಕಿಲ್ಲ ಅಂತ ನೋಡಿದೆ.

ಪ ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 2ರ 32ನೇ ಘಾತವನ್ನು ಪ ಇಂದ ಭಾಗಿಸಿದರೆ ಶೇಷ −1 ಇದ್ದ ಹಾಗೆ. ಅದರ ವರ್ಗ, ಅಂದರೆ 64ನೇ ಘಾತಕ್ಕೆ ಶೇಷ 1. ಅದಕ್ಕೂ ಮೊದಲು 1 ಬರುವಂತಿಲ್ಲ. ಮೊದಲ ಸಲ 1 ಬರುವ ಘಾತ 64ನ್ನು ಭಾಗಿಸಲೇಬೇಕು; ಅದು 64ಕ್ಕಿಂತ ಚಿಕ್ಕದಾಗಿದ್ದರೆ 32ನ್ನೂ ಭಾಗಿಸಿ, 32ನೇ ಘಾತಕ್ಕೂ 1 ಬರಬೇಕಿತ್ತು. ಇನ್ನು ಫರ್ಮಾನ ಇನ್ನೊಂದು ಪ್ರಮೇಯದ ಪ್ರಕಾರ (ಪ−1)ನೇ ಘಾತಕ್ಕೂ ಶೇಷ 1. 1 ಮರಳಿ ಬರುವುದು 64 ಘಾತಕ್ಕೊಮ್ಮೆ ಮಾತ್ರ, ಹಾಗಾದರೆ ಪ−1 ಇರಬೇಕಾದ್ದು 64ರ ಮಗ್ಗಿಯಲ್ಲೇ. ಫರ್ಮಾನ ಊಹೆ ಕೆಡವಲು ಅವನದೇ ಪ್ರಮೇಯ ಸಾಕಾಯಿತು! ಇಡೀ ಲೆಕ್ಕದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

64ರ ಮಗ್ಗಿ ಬರೆದು ಒಂದೊಂದು ಕೂಡಿದೆ: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯ ಐದೇ. 257ನ್ನು ಭಾಗಿಸುವ ಗೋಜಿಗೇ ಹೋಗಲಿಲ್ಲ. ಯಾಕೆಂದರೆ ಮೇಲಿನ 3, 5, 17, 257, 65537 ಎಲ್ಲ ಗುಣಿಸಿದರೆ 4294967295, ನಮ್ಮ ಸಂಖ್ಯೆಗಿಂತ ಎರಡೇ ಕಡಿಮೆ. ಶೇಷ 2 ಖಚಿತ. 193ಕ್ಕೆ ಶೇಷ 109, 449ಕ್ಕೆ 325, 577ಕ್ಕೆ 288.

ಉಳಿದದ್ದು 641. 4294ರಲ್ಲಿ ಆರು ಸಲ, ಉಳಿದದ್ದು 448. 9 ಇಳಿಸಿದರೆ 4489. ಏಳು ಸಲ, 4487, ಉಳಿದದ್ದು 2. 6 ಇಳಿಸಿದರೆ 26, ಸೊನ್ನೆ. 7 ಇಳಿಸಿದರೆ 267, ಮತ್ತೆ ಸೊನ್ನೆ. 2672ರಲ್ಲಿ ನಾಲ್ಕು ಸಲ, ಉಳಿದದ್ದು 108. 1089ರಲ್ಲಿ ಒಂದು ಸಲ, ಉಳಿದದ್ದು ಪುನಃ 448! ಈಗ ಇಳಿಯಬೇಕಾದ ಕೊನೆಯ ಅಂಕಿ 7. ಅಂದರೆ 4487, 641ರ ಏಳರಷ್ಟು. ಶೇಷ ಏನೂ ಇಲ್ಲ. ಭಾಗಲಬ್ಧ 6700417.

ಇದು ಮತ್ತೆ ಒಡೆಯುತ್ತದೋ? 1878ರಲ್ಲಿ ಲ್ಯೂಕಾ ಎಂಬ ಗಣಿತಜ್ಞ ಈ ಮಗ್ಗಿಯ ನಿಯಮವನ್ನು ಇನ್ನೂ ಬಿಗಿ ಮಾಡಿದ: 64ರ ಬದಲು 128ರ ಮಗ್ಗಿ ಸಾಕು. ಮೊದಲಿಂದಲೇ ಅದನ್ನು ಹಿಡಿದವರಿಗೆ 193, 449, 577 ಅಡ್ಡವೇ ಬರುವುದಿಲ್ಲ. ನಾನು ಅದನ್ನು ಇಲ್ಲಿಗೆ ಬಳಸಿದೆ. 6700417ರ ವರ್ಗಮೂಲ ಸುಮಾರು 2588. ಅಷ್ಟರೊಳಗೆ ನೋಡಬೇಕಾದ್ದು 641 ಇನ್ನೊಮ್ಮೆ, ಆಮೇಲೆ 769, 1153, 1409. ಶೇಷಗಳು ಸಾಲಾಗಿ 44, 120, 334, 622. ಅಲ್ಲಿಗೆ 6700417 ಅವಿಭಾಜ್ಯವೇ.