ಹೊಸಬರಿಗೆ ಮಾರ್ಗದರ್ಶಿ: ಮಸಾಲೆ ಮಿಶ್ರಣ ಮನೆಯಲ್ಲೇ, ಉಪ್ಪು ಮಾತ್ರ ಬೇರೆ

ಹೊಸ ದೇಶಕ್ಕೆ ಬಂದಿಳಿದ ಮೊದಲ ವಾರಗಳು ಹೇಗಿರುತ್ತವೆ ಅಂತ ನಮಗೆಲ್ಲ ಗೊತ್ತು. ಒಂದು ಬಾಣಲೆ, ಒಂದು ಪಾತ್ರೆ, ಅರ್ಧ ಬಿಚ್ಚಿದ ಪೆಟ್ಟಿಗೆಗಳು. ಸಂಜೆ ಆರಕ್ಕೆ ಮಕ್ಕಳು "ಹಸಿವು" ಅಂತ ಬಂದು ನಿಲ್ಲುತ್ತಾರೆ. ಆಗ ಕೈ ಸೀದಾ ಹೋಗುವುದು ಅಂಗಡಿಯಿಂದ ತಂದ ಮಸಾಲೆ ಪೊಟ್ಟಣಕ್ಕೆ. ತಪ್ಪೇನಿಲ್ಲ. ಆದರೆ ಅದರ ಹಿಂಬದಿಯನ್ನು ಒಮ್ಮೆ ಓದಿ ನೋಡಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅಂತ ಬಹಳಷ್ಟು ದೇಶಗಳಲ್ಲಿ ನಿಯಮ ಇದೆ. ಉಪ್ಪು, ಸಕ್ಕರೆ, ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಸ್ಟಾರ್ಚ್) ಮೊದಲ ಸಾಲಿನಲ್ಲೇ ಕಂಡರೆ, ನೀವು ದುಡ್ಡು ಕೊಡುತ್ತಿರುವುದು ಮುಖ್ಯವಾಗಿ ಅವಕ್ಕೇ.

ಅದೇ ಪುಡಿಯನ್ನು ಮನೆಯಲ್ಲಿ ಐದು ನಿಮಿಷದಲ್ಲಿ ಕಲಸಬಹುದು. ಒಲೆಯೂ ಬೇಡ, ಮಿಕ್ಸಿಯೂ ಬೇಡ. ಒಂದು ಒಣ ಬಾಟಲಿ, ಒಂದು ಚಮಚ ಸಾಕು.

ಶುರು ಮಾಡುವ ಮುಂಚೆ ನಾನು ಮಾಡಿದ ಎಡವಟ್ಟನ್ನು ಹೇಳಿಬಿಡುತ್ತೇನೆ. ಒಂದು ಅಮೆರಿಕನ್ ಅಡುಗೆ ವಿಧಾನದಲ್ಲಿ "ಚಿಲ್ಲಿ ಪೌಡರ್ ಎರಡು ದೊಡ್ಡ ಚಮಚ" ಅಂತ ಇತ್ತು. ನಾನು ನಮ್ಮ ಖಾರದ ಪುಡಿಯನ್ನೇ ಎರಡು ಚಮಚ ಸುರಿದೆ. ಮಕ್ಕಳು ಒಂದು ತುತ್ತು ತಿಂದು ನೀರಿನ ಲೋಟ ಹಿಡಿದುಕೊಂಡರು. ದೊಡ್ಡವಳು ಬಿಕ್ಕಳಿಸುತ್ತಲೇ ಬ್ರೆಡ್ ತಿಂದು ಮಲಗಿದಳು. ಅಮೆರಿಕದಲ್ಲಿ ಆ ಹೆಸರಿನಲ್ಲಿ ಸಿಗುವುದು ಬರೀ ಮೆಣಸಿನಕಾಯಿ ಪುಡಿಯಲ್ಲ ಅಂತ ಆಮೇಲೆ ಗೊತ್ತಾಯಿತು. ಖಾರ ಕಡಿಮೆ ಇರುವ ಮೆಣಸಿನಕಾಯಿಗೆ ಜೀರಿಗೆ, ಬೆಳ್ಳುಳ್ಳಿ ಪುಡಿ, ಓರೆಗಾನೊ ಅನ್ನುವ ಒಣ ಎಲೆ ಮೊದಲೇ ಸೇರಿಸಿ ಮಾಡಿದ ಮಿಶ್ರಣ ಅದು. ಹೆಸರು ಒಂದೇ, ಸರಕು ಬೇರೆ. ಆದ್ದರಿಂದ ಹೊಸ ಡಬ್ಬಿ ತಂದಾಗ ಮೊದಲು ಬೆರಳ ತುದಿಯಲ್ಲಿ ಚೂರು ನೆಕ್ಕಿ ನೋಡಿ.

ಹೀಗೆ ಎಡವಿಸುವ ಹೆಸರು ಇನ್ನೂ ಇವೆ. ಆಲ್‌ಸ್ಪೈಸ್ ಅಂದರೆ ಎಲ್ಲ ಮಸಾಲೆ ಸೇರಿದ ಪುಡಿ ಅಂದುಕೊಳ್ಳುವವರೇ ಜಾಸ್ತಿ. ಅದು ಒಂದೇ ಮರದ ಒಣಗಿದ ಕಾಯಿ. ಜರ್ಮನ್ ಮಾತಾಡುವ ಕಡೆ ಇದ್ದೀರಾದರೆ, ಬರೀ ಕ್ಯುಮೆಲ್ ಅಂತ ಬರೆದಿರುವುದು ಜೀರಿಗೆಯಲ್ಲ, ಕ್ಯಾರವೇ ಅನ್ನುವ ಬೇರೆ ಬೀಜ. ಜೀರಿಗೆಗೆ ಅಲ್ಲಿ ಕ್ರಾಯ್ಟ್ಸ್‌ಕ್ಯುಮೆಲ್ ಅನ್ನುತ್ತಾರೆ. ಚಮಚದ ಲೆಕ್ಕವೂ ಎಲ್ಲ ಕಡೆ ಒಂದೇ ಅಲ್ಲ. ಸಣ್ಣ ಚಮಚ 5 ಮಿಲಿಲೀಟರ್, ದೊಡ್ಡದು ಸಾಮಾನ್ಯವಾಗಿ 15. ಆಸ್ಟ್ರೇಲಿಯಾದ ಅಳತೆಯಲ್ಲಿ ಮಾತ್ರ ದೊಡ್ಡದು 20. ಇಲ್ಲಿ ನಾನು ಹೇಳುವುದೆಲ್ಲ 15ರ ಲೆಕ್ಕ.

ಒಂದೇ ಮಿಶ್ರಣ ಮಾಡುತ್ತೇನೆ ಅನ್ನುವವರು ಈ ಕೆಂಪು ಪುಡಿ ಮಾಡಿ. ಪ್ಯಾಪ್ರಿಕಾ (ಖಾರ ಕಡಿಮೆ ಇರುವ ಕೆಂಪು ಮೆಣಸಿನಕಾಯಿ ಪುಡಿ) 2 ದೊಡ್ಡ ಚಮಚ, ಜೀರಿಗೆ ಪುಡಿ 1 ದೊಡ್ಡ ಚಮಚ. ಆಮೇಲೆ ಧನಿಯಾ ಪುಡಿ, ಓರೆಗಾನೊ, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಒಂದೊಂದೂ 2 ಸಣ್ಣ ಚಮಚ. ಕರಿಮೆಣಸಿನ ಪುಡಿ ಅರ್ಧ ಸಣ್ಣ ಚಮಚ, ಖಾರದ ಪುಡಿಯೂ ಅಷ್ಟೇ. ಎಲ್ಲ ಸೇರಿ ಆರು ದೊಡ್ಡ ಚಮಚದಷ್ಟು ಆಗುತ್ತದೆ. ಬೇಯಿಸಿದ ಕಾಳು ಅಥವಾ ಖೀಮಾ ಅರ್ಧ ಕೆಜಿಗೆ 2 ದೊಡ್ಡ ಚಮಚ ಹಿಡಿಯುತ್ತದೆ, ಅಂದರೆ ಮೂರು ರಾತ್ರಿಗೆ ಆಯಿತು. ಪೊಟ್ಟಣದ ಪುಡಿಯಲ್ಲಿ ಬರುವ ಹಾಗೆ ಗಟ್ಟಿ ರಸ ಬೇಕು ಅನ್ನಿಸಿದರೆ, ಒಂದು ಸಣ್ಣ ಚಮಚ ಮೆಕ್ಕೆಜೋಳದ ಪಿಷ್ಟವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ ಕೊನೆಯಲ್ಲಿ ಹಾಕಿ ಕುದಿಸಿ. ಆ ಪೊಟ್ಟಣದ ಗುಟ್ಟು ಇಷ್ಟೇ.

ಎರಡನೆಯದು ಎಲೆಗಳ ಮಿಶ್ರಣ. ಒಣ ಓರೆಗಾನೊ 2 ದೊಡ್ಡ ಚಮಚ, ಬೇಸಿಲ್ 2, ಥೈಮ್ 1, ಕೈಯಲ್ಲಿ ಪುಡಿ ಮಾಡಿದ ರೋಸ್‌ಮೇರಿ ಒಂದು ಸಣ್ಣ ಚಮಚ. ಪಾಸ್ತಾ, ಟೊಮೇಟೊ ಸೂಪ್, ಒಲೆಯಲ್ಲಿ ಹುರಿದ ಆಲೂಗಡ್ಡೆ, ಎಲ್ಲಕ್ಕೂ ಆಗುತ್ತದೆ. ಹಸಿ ಎಲೆ ಒಂದು ದೊಡ್ಡ ಚಮಚ ಕೇಳಿದ್ದರೆ ಒಣಗಿದ್ದು ಒಂದು ಸಣ್ಣ ಚಮಚ ಸಾಕು.

ಇನ್ನು ಉಪ್ಪಿನ ವಿಷಯ. ಉಪ್ಪಿಗಿಂತ ರುಚಿ ಬೇರೆ ಇಲ್ಲ, ಒಪ್ಪಿದೆ. ಆದರೂ ಬಾಟಲಿಗೆ ಉಪ್ಪು ಹಾಕಬೇಡಿ ಅಂತಲೇ ನಾನು ಹೇಳುವುದು. ಡಬ್ಬಿಯ ಕಾಳಿನಲ್ಲಿ, ಚೀಸ್‌ನಲ್ಲಿ, ಸೂಪ್ ಕ್ಯೂಬ್‌ನಲ್ಲಿ ಈಗಾಗಲೇ ಉಪ್ಪು ಇರುತ್ತದೆ. ಮಸಾಲೆ ಸಾಲದು ಅಂತ ಇನ್ನೊಂದು ಚಮಚ ಹಾಕಿದರೆ, ಉಪ್ಪೂ ಜೊತೆಗೇ ಏರಿಬಿಡುತ್ತದೆ. ಬೇರೆ ಇಟ್ಟರೆ ಪುಟ್ಟ ಮಗುವಿನ ಪಾಲನ್ನು ಮೊದಲೇ ತೆಗೆದಿಟ್ಟು, ಆಮೇಲೆ ಉಳಿದವರಿಗೆ ಹಾಕಬಹುದು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಸಣ್ಣ ಚಮಚಕ್ಕೂ ಸ್ವಲ್ಪ ಕಡಿಮೆ, ಅದೂ ಇಡೀ ದಿನದ್ದು.

ಪುಡಿಯನ್ನು ಸುಮ್ನೆ ಕುದಿಯುವ ನೀರಿಗೆ ಉದುರಿಸಿದರೆ ಹಸಿ ವಾಸನೆ ಉಳಿದುಬಿಡುತ್ತದೆ. ಈರುಳ್ಳಿ ಬಾಡಿದ ಮೇಲೆ ಉರಿ ಸಣ್ಣ ಮಾಡಿ, ಎಣ್ಣೆಯಲ್ಲಿ ಅರ್ಧ ನಿಮಿಷ ಕೈಯಾಡಿಸಿ. ಎಣ್ಣೆ ಕೆಂಪಾಗಿ ಅಂಚಿಗೆ ಬರುತ್ತದೆ, ಘಮ ಏಳುತ್ತದೆ. ಆ ಗಳಿಗೆಗೇ ಟೊಮೇಟೊ ಅಥವಾ ನೀರು ಬೀಳಬೇಕು. ಪ್ಯಾಪ್ರಿಕಾದಲ್ಲಿ ಸಕ್ಕರೆ ಅಂಶ ಇದೆ, ಫೋನ್ ಎತ್ತಿಕೊಂಡು ಬರುವಷ್ಟರಲ್ಲಿ ಕಪ್ಪಾಗಿ ಕಹಿಯಾಗುತ್ತದೆ. ಎಲೆಗಳ ಮಿಶ್ರಣಕ್ಕೆ ಈ ಹುರಿಯುವ ಶಿಕ್ಷೆ ಬೇಡ, ರಸದಲ್ಲೇ ಬೇಯಲಿ.

ಬಾಟಲಿಯನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡಿ. ಎಲ್ಲರೂ ಅಲ್ಲೇ ಇಡುತ್ತಾರೆ, ನಾನೂ ಇಟ್ಟಿದ್ದೆ. ಬಿಸಿ, ಬೆಳಕು ಎರಡೂ ಘಮವನ್ನು ಕೊಲ್ಲುತ್ತವೆ. ಕುದಿಯುವ ಪಾತ್ರೆಯ ಮೇಲೆ ಬಾಟಲಿ ಬಗ್ಗಿಸಿ ಅಲ್ಲಾಡಿಸುವುದೂ ಬೇಡ. ಹಬೆ ಒಳಗೆ ಹೋಗಿ ಬೆಳ್ಳುಳ್ಳಿ, ಈರುಳ್ಳಿ ಪುಡಿ ಮೊದಲು ಅಂಟುತ್ತವೆ, ವಾರ ಕಳೆಯುವಷ್ಟರಲ್ಲಿ ಕಲ್ಲಿನ ಹಾಗೆ ಗಟ್ಟಿ. ಒಣ ಚಮಚದಲ್ಲಿ ಅಂಗೈಗೆ ತೆಗೆದುಕೊಂಡು ಹಾಕಿ. ಎರಡು ಮೂರು ತಿಂಗಳಿಗಾಗುವಷ್ಟು ಮಾತ್ರ ಕಲಸಿ. ಅಗ್ಗ ಅಂತ ಪುಡಿಯ ದೊಡ್ಡ ಚೀಲ ತರುವುದಕ್ಕಿಂತ ಇಡೀ ಜೀರಿಗೆ, ಇಡೀ ಧನಿಯಾ ತಂದು ಬೇಕಾದಾಗ ಪುಡಿ ಮಾಡುವುದು ಒಳ್ಳೆಯದು. ಇಡಿಯಾಗಿದ್ದಾಗ ಘಮ ಬಹಳ ಕಾಲ ಉಳಿಯುತ್ತದೆ. ಪುಡಿ ಮಾಡಿದ ಯಂತ್ರದ ವಾಸನೆ ಹೋಗದಿದ್ದರೆ ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿ ಚೆಲ್ಲಿ.

ಸಂಘದ ಊಟಕ್ಕೆ ಅಡುಗೆ ತರುವವರು ಮಿಶ್ರಣದಲ್ಲಿ ಏನೇನಿದೆ ಅಂತ ಒಂದು ಚೀಟಿ ಬರೆದು ಪಾತ್ರೆಗೆ ಅಂಟಿಸಿ. ಯುರೋಪಿಯನ್ ಒಕ್ಕೂಟದಲ್ಲಿ ತಿಳಿಸಲೇಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಸಾಸಿವೆ, ಎಳ್ಳು, ಸೆಲರಿಯೂ ಇವೆ. "ಮಸಾಲೆ ಅಷ್ಟೇ" ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ, ಅಲ್ವಾ? ಬಾಟಲಿಗೂ ಒಂದು ಚೀಟಿ ಇರಲಿ: ಹೆಸರು, ಕಲಸಿದ ತಾರೀಕು, ಕೆಳಗೆ ದಪ್ಪ ಅಕ್ಷರದಲ್ಲಿ "ಉಪ್ಪು ಹಾಕಿಲ್ಲ".